ಚಿರ್ವಾ ದಂಪತಿಯಿಂದ ಶುರು ಮಾಡಿ

ನಮಸ್ಕಾರ.

‘ಕತ್ತಲ ಖಂಡದ ಸೆರೆಮನೆಗಳು’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಬಂಧಿತರಿಗೆ ಕೊಡುವ ಚಿತ್ರಹಿಂಸೆಯನ್ನು ಆಫ್ರಿಕಾದ ಮಾನವ ಹಕ್ಕುಗಳ ಕಾನೂನು ಹೇಗೆ ಎದುರಿಸಿದೆ ಎಂಬ ಬಗ್ಗೆ ಕನ್ನಡದಲ್ಲಿ ಬರೆಯುವವರು ಅಪರೂಪ. ಅದಕ್ಕೇ ಈ ಲೇಖನ ನನಗೆ ಬೇಕು. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕಾರಣಗಳನ್ನು ಬಿಚ್ಚಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಶೀರ್ಷಿಕೆ ಕಿತ್ತುಹಾಕಿ. ಐವತ್ತಕ್ಕೂ ಹೆಚ್ಚು ದೇಶಗಳ ಜನರನ್ನು ಒಂದೇ ಕತ್ತಲಿಗೆ ತಳ್ಳುವ ಹೆಸರು ಅದು. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ನಮ್ಮ ದೇಶ 1997ರಲ್ಲಿ ಸಹಿ ಹಾಕಿತು, ಇವತ್ತಿಗೂ ಅನುಮೋದಿಸಿಲ್ಲ. ಆಫ್ರಿಕಾದ ಬಹುಪಾಲು ದೇಶಗಳು ಅನುಮೋದಿಸಿವೆ. ಲಾಕಪ್ ಸಾವಿನ ಸುದ್ದಿ ಓದುತ್ತಲೇ ಬೆಳೆದ ನಾವು ಆ ದನಿಯಲ್ಲಿ ಬರೆಯುವಂತಿಲ್ಲ.

ಇನ್ನು ಆರಂಭದ ಪುಟಗಳು. 1981ರಲ್ಲಿ ಆಫ್ರಿಕನ್ ಸನ್ನದಿನ (ಆ ಖಂಡದ ದೇಶಗಳ ಮಾನವ ಹಕ್ಕುಗಳ ಒಪ್ಪಂದದ) ಅಂಗೀಕಾರ, 1986ರಲ್ಲಿ ಜಾರಿ, ಅದರ ಪಾಲನೆ ನೋಡಿಕೊಳ್ಳಲು ಗ್ಯಾಂಬಿಯಾದ ಬಂಜುಲ್‌ನಲ್ಲಿ ಆಯೋಗ, 2002ರಲ್ಲಿ ಚಿತ್ರಹಿಂಸೆ ತಡೆಯುವ ರಾಬೆನ್ ಐಲ್ಯಾಂಡ್ ಮಾರ್ಗಸೂಚಿ, 2014ರಲ್ಲಿ ಬಂಧನ ಮತ್ತು ಪೊಲೀಸ್ ವಶದ ಬಗೆಗಿನ ಲುವಾಂಡಾ ಮಾರ್ಗಸೂಚಿ. ಎಲ್ಲ ಸರಿಯಾಗಿಯೇ ಇದೆ. ಆದರೆ ಅಷ್ಟು ದೂರ ನಡೆದರೂ ಒಬ್ಬ ಕೈದಿಯ ಮುಖ ಕಾಣುವುದಿಲ್ಲ. ಚಿತ್ರಹಿಂಸೆಯನ್ನು ನಿಷೇಧಿಸುವ ಸನ್ನದಿನ ಐದನೇ ವಿಧಿಯನ್ನು ಇಡಿಯಾಗಿ ಎತ್ತಿ ಬರೆದಿದ್ದೀರಿ. ಅದು ಯಾರ ಪಾಲಿಗೆ ಕೆಲಸಕ್ಕೆ ಬಂತು ಎಂಬುದೇ ಇಲ್ಲ.

‘ಮಲಾವಿಯ ಚಿರ್ವಾ ದಂಪತಿಗೂ ಕಿರುಕುಳವಾಯಿತು’ ಎಂದು ಒಂದು ಸಾಲಿನಲ್ಲಿ ದಾಟಿ ಹೋಗಿದ್ದೀರಲ್ಲ, ಲೇಖನದ ಜೀವ ಅಲ್ಲಿದೆ. ಆರ್ಟನ್ ಚಿರ್ವಾ ಆ ದೇಶದ ಕಾನೂನು ಮಂತ್ರಿಯಾಗಿದ್ದವರು. ವೇರಾ ಚಿರ್ವಾ ಅಲ್ಲಿನ ಮೊದಲ ಮಹಿಳಾ ವಕೀಲೆ. ಅಧ್ಯಕ್ಷ ಹೇಸ್ಟಿಂಗ್ಸ್ ಬಂಡಾ ಅವರನ್ನು ಎದುರು ಹಾಕಿಕೊಂಡು ದೇಶ ಬಿಟ್ಟಿದ್ದ ಇಬ್ಬರನ್ನೂ 1981ರಲ್ಲಿ ಜಾಂಬಿಯಾದಿಂದ ಹಿಡಿದು ತಂದರು. ವಕೀಲರನ್ನು ಇಟ್ಟುಕೊಳ್ಳಲು ಬಿಡದೆ ವಿಚಾರಣೆ ನಡೆಸಿ, ದೇಶದ್ರೋಹಕ್ಕೆಂದು ಮರಣದಂಡನೆ ವಿಧಿಸಿದರು. ಮುಂದೆ ಅದು ಜೀವಾವಧಿಯಾಯಿತು. ಕೋಣೆಯೊಳಗೂ ಕೋಳ, ಒಂಟಿ ಸೆರೆ, ತಿನ್ನಲಾಗದ ಊಟ, ಸರಿಯಾದ ಚಿಕಿತ್ಸೆಯಿಲ್ಲ. 1992ರಲ್ಲಿ ಆರ್ಟನ್ ಜೈಲಿನಲ್ಲೇ ತೀರಿಕೊಂಡರು. ಮರುವರ್ಷ ವೇರಾ ಹೊರಬಂದರು.

ದೂರು ಬಂದಾಗ, ಇದು ಐದನೇ ವಿಧಿಯ ಉಲ್ಲಂಘನೆ ಎಂದಿತು ಆಯೋಗ. ಬಂಡಾ 1994ರಲ್ಲಿ ಅಧಿಕಾರ ಕಳೆದುಕೊಂಡಿದ್ದರೂ, ಹಳೆಯ ಸರ್ಕಾರ ಮಾಡಿದ್ದಕ್ಕೆ ಹೊಸ ಸರ್ಕಾರ ಹೊಣೆ ಹೊರಲೇಬೇಕು ಎಂದಿತು. ಎಷ್ಟು ದೊಡ್ಡ ಮಾತು ಅದು! ನೀವು ಅದನ್ನು ಬಿಟ್ಟೇಬಿಟ್ಟಿದ್ದೀರಿ. ಮುಂದೆ, 2000ದಿಂದ 2005ರವರೆಗೆ, ಅದೇ ಆಯೋಗದ ಪರವಾಗಿ ಸೆರೆಮನೆಗಳ ಸ್ಥಿತಿ ಪರಿಶೀಲಿಸುವ ವಿಶೇಷ ವರದಿಗಾರ್ತಿಯಾಗಿದ್ದವರು ಇದೇ ವೇರಾ. ಹನ್ನೊಂದು ವರ್ಷ ಜೈಲಿನಲ್ಲಿ ಕಳೆದ ಹೆಣ್ಣುಮಗಳು ಬೇರೆ ಬೇರೆ ದೇಶಗಳ ಜೈಲುಗಳ ಬಾಗಿಲು ತೆಗೆಸಿ ಒಳಗೆ ಹೋದರು, ಕೈದಿಗಳ ಮಾತು ಕೇಳಿದರು. ಇಂಥ ಬದುಕು ಎದುರಿಗಿರುವಾಗ ‘ಘೋರ’, ‘ಪೈಶಾಚಿಕ’, ‘ಅಮಾನುಷ’ಗಳ ಹಂಗು ನಿಮಗೇಕೆ?

ಸುಡಾನ್ ವಿದ್ಯಾರ್ಥಿಗಳ ಪ್ಯಾರಾ ಮಾತ್ರ ಮುಟ್ಟಬೇಡಿ. 1999ರಲ್ಲಿ ಖಾರ್ಟೂಮ್‌ನ ನದಿ ದಡಕ್ಕೆ ಪಿಕ್‌ನಿಕ್‌ಗೆ ಹೋದ ವಿದ್ಯಾರ್ಥಿನಿಯರಿಗೆ, ಪ್ಯಾಂಟ್ ತೊಟ್ಟರು, ಹುಡುಗರ ಜೊತೆ ಕೂತು ಮಾತಾಡಿದರು ಎಂದು 25ರಿಂದ 40 ಛಡಿಯೇಟು. ನಮ್ಮ ಕಾನೂನಿನಲ್ಲೇ ಇದು ಅಪರಾಧ ಎಂದಿತು ಸರ್ಕಾರ. ಅಪರಾಧ ಮಾಡಿದವರ ಮೇಲೂ ದೈಹಿಕ ಹಿಂಸೆ ನಡೆಸುವ ಹಕ್ಕು ಸರ್ಕಾರಕ್ಕಿಲ್ಲ ಎಂದು 2003ರಲ್ಲಿ ಆಯೋಗ ಹೇಳಿತು. ಅಲ್ಲಿ ನೀವು ಒಂದೂ ವಿಶೇಷಣ ಬಳಸಿಲ್ಲ. ಓದುವವರ ಬೆನ್ನು ಚುರುಕ್ಕೆನ್ನುತ್ತದೆ.

‘ಕೊನೆಗೂ ನ್ಯಾಯ ಸಿಕ್ಕಿತು’ ಎಂಬ ಮುಕ್ತಾಯವನ್ನು ಒಪ್ಪಲಾರೆ. ಆಯೋಗ ಕೊಡುವುದು ಶಿಫಾರಸು. ಪಾಲಿಸದ ಸರ್ಕಾರದ ಕೈಯಲ್ಲಿ ಮಾಡಿಸುವ ಬಲ ಅದಕ್ಕಿಲ್ಲ. ಪಾಲಿಸಲೇಬೇಕಾದ ತೀರ್ಪು ಕೊಡುವ ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯ ಟಾಂಜಾನಿಯಾದ ಅರುಷಾದಲ್ಲಿದೆ, ನಿಜ. ಆದರೆ ಸಾಮಾನ್ಯ ಪ್ರಜೆ ನೇರವಾಗಿ ಅದರ ಮೆಟ್ಟಿಲು ಹತ್ತಬೇಕಾದರೆ ಆ ದೇಶ ಪ್ರತ್ಯೇಕ ಒಪ್ಪಿಗೆ ಬರೆದುಕೊಟ್ಟಿರಬೇಕು. ಕೊಟ್ಟ ಒಪ್ಪಿಗೆಯನ್ನು ರುವಾಂಡಾ 2016ರಲ್ಲಿ, ನ್ಯಾಯಾಲಯಕ್ಕೆ ಜಾಗ ಕೊಟ್ಟ ಟಾಂಜಾನಿಯಾವೇ 2019ರಲ್ಲಿ, ಬೆನಿನ್ ಮತ್ತು ಐವರಿ ಕೋಸ್ಟ್ 2020ರಲ್ಲಿ ಹಿಂತೆಗೆದುಕೊಂಡವು. ಇದನ್ನು ಮುಚ್ಚಿಟ್ಟು ಓದುಗರಿಗೆ ಸುಳ್ಳು ಸಮಾಧಾನ ಹೇಳಬೇಡಿ.

ಒಪ್ಪಂದಗಳ ಇತಿಹಾಸವನ್ನು ಒಂದು ಪ್ಯಾರಾಕ್ಕೆ ಇಳಿಸಿ. ಚಿರ್ವಾ ದಂಪತಿಯಿಂದ ಶುರು ಮಾಡಿ. ವಿಧಿಗಳು ಬೇಕಾದ ಕಡೆ ತಾವೇ ಬರುತ್ತವೆ. ತಿದ್ದಿದ ಪ್ರತಿ ಕಳಿಸಿ, ಬಂದ ಕೂಡಲೇ ಓದುತ್ತೇನೆ.

ಇತಿ,
ಸಂಪಾದಕ