ಅಣೆ ಕಂಪನಿಯದು, ನೀರು ಇಬ್ಬರದು: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2013ರ ನೆರೆಯ ನಂತರ ಲಾಂಗ್‌ಮಾಂಟ್ ನಗರವೂ ಸೇಂಟ್ ವ್ರೇನ್ ಹೊಳೆಯ ನೀರಾವರಿ ಕಂಪನಿಗಳೂ ಕೂಡಿ ದುರಸ್ತಿಗೆ ಇಳಿದದ್ದನ್ನು ಕುರಿತ ನಮ್ಮ ಲೇಖನಕ್ಕೆ ತಾವು ಬರೆದ ಪತ್ರ ತಲುಪಿದೆ. ಖಾಸಗಿ ಕಂಪನಿಯ ಅಣೆಗೆ ನಗರದ ಜನರ ಹಣ ಹಾಕುವುದನ್ನು ನಾವು ಸಹಕಾರ ಎಂದು ಹೊಗಳಿದ್ದು ತಮಗೆ ಸರಿ ಕಂಡಿಲ್ಲ. ನಮ್ಮ ನೀರಾವರಿ ನಿಗಮಗಳ ಹಾಗೆ ಅಲ್ಲಿಯ ಸರ್ಕಾರವೇ ಅಣೆಗಳನ್ನು ವಹಿಸಿಕೊಳ್ಳಬಾರದೇ ಎಂದೂ ಕೇಳಿದ್ದೀರಿ.

ಆ ಕಂಪನಿಗಳು ಎಂಥವು ಎಂಬುದನ್ನು ಮೊದಲು ಹೇಳಬೇಕು. ಅವುಗಳಲ್ಲಿ ಹೆಚ್ಚಿನವು ನಾಲೆಯ ನೀರನ್ನು ಬಳಸುವ ರೈತರೇ ಷೇರುದಾರರಾಗಿ ಕಟ್ಟಿಕೊಂಡವು. ಷೇರಿಗೆ ಪ್ರತಿಯಾಗಿ ದೊರೆಯುವುದು ಲಾಭಾಂಶವಲ್ಲ, ನೀರು. ನಾಲೆಯ ಹೂಳೆತ್ತುವುದಕ್ಕೂ ತೂಬು ಸರಿಪಡಿಸುವುದಕ್ಕೂ ಪ್ರತಿ ಷೇರಿನ ಮೇಲೆ ವರ್ಷವರ್ಷವೂ ವಂತಿಗೆ ಬೀಳುತ್ತದೆ. ಲಾಂಗ್‌ಮಾಂಟ್ 1871ರಲ್ಲಿ ಷಿಕಾಗೋ ಕಡೆಯಿಂದ ಬಂದವರು ನೆಲೆಯೂರಿದ ಊರು. ಊರು ಬೆಳೆದು ಹೊಲಗಳು ಬಡಾವಣೆಗಳಾದಾಗ, ನಗರದ ವ್ಯಾಪ್ತಿಗೆ ಸೇರುವ ಜಮೀನಿನೊಂದಿಗೆ ಅದರ ನೀರಿನ ಹಕ್ಕೂ ನಗರಕ್ಕೆ ಬರಬೇಕೆಂಬ ನಿಯಮವಾಯಿತು. ಹೀಗೆ ಕಾಲಕ್ರಮದಲ್ಲಿ ನಗರವೇ ಹಲವು ನಾಲೆ ಕಂಪನಿಗಳ ಷೇರುದಾರನಾಗಿದೆ. ಷೇರುದಾರನಾಗಿ ಅದು ದುರಸ್ತಿಗೆ ಕೊಡುವ ಹಣವನ್ನು ದಾನವೆನ್ನಲಾಗದು.

ಸರ್ಕಾರ ವಹಿಸಿಕೊಳ್ಳುವ ಮಾತಿಗೆ ಅಲ್ಲಿಯ ಕಾನೂನೇ ಅಡ್ಡ ಬರುತ್ತದೆ. ಯಾರು ಮೊದಲು ನೀರು ತಿರುಗಿಸಿ ಬಳಕೆಗೆ ತಂದರೋ ಅವರಿಗೇ ಬರಗಾಲದಲ್ಲಿ ಮೊದಲ ಹಕ್ಕು ಎಂಬುದು ಕೊಲೊರಾಡೊದ ಮೂಲ ನ್ಯಾಯ. ಇದು ಇತ್ಯರ್ಥವಾದದ್ದೂ ಇದೇ ಹೊಳೆಯ ವ್ಯಾಜ್ಯದಲ್ಲಿ ಎಂಬುದು ಸ್ವಾರಸ್ಯ: 1879ರ ಬರದಲ್ಲಿ ಕೆಳಗಿನ ರೈತರು ಲೆಫ್ಟ್ ಹ್ಯಾಂಡ್ ನಾಲೆಯ ಒಡ್ಡನ್ನು ಒಡೆದರು, 1882ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನಾಲೆ ಕಂಪನಿಯ ಪರ ತೀರ್ಪು ಕೊಟ್ಟಿತು. ಹಕ್ಕು ನೀರು ತೆಗೆಯುವ ಜಾಗಕ್ಕೂ ಅಂಟಿಕೊಂಡಿರುವುದರಿಂದ, ಆ ಜಾಗವನ್ನು ಬದಲಿಸಲು ಸಾಮಾನ್ಯವಾಗಿ ಜಲ ನ್ಯಾಯಾಲಯದ ಒಪ್ಪಿಗೆ ಬೇಕು.

ಈ ಹಿನ್ನೆಲೆಯಲ್ಲಿ 2013ರ ಸೆಪ್ಟೆಂಬರನ್ನು ನೋಡಿ. ಪಕ್ಕದ ಬೌಲ್ಡರ್‌ನಲ್ಲಿ ಒಂದೇ ವಾರದಲ್ಲಿ ಸುಮಾರು 17 ಇಂಚು ಮಳೆ ಸುರಿಯಿತು. ಅಲ್ಲಿ ವರ್ಷಕ್ಕೆ ಬೀಳುವುದೇ 20 ಇಂಚಿನ ಆಸುಪಾಸು. ಸೇಂಟ್ ವ್ರೇನ್ ತನ್ನ ಪಾತ್ರ ಬಿಟ್ಟು, ಜಲ್ಲಿ ತೆಗೆದ ಹೊಂಡಗಳಿಗೆ ನುಗ್ಗಿತು. ಅಣೆ ಉಳಿದರೂ ಹೊಳೆ ಬೇರೆಡೆ ಹರಿದರೆ, ಅಥವಾ ತಳ ಕೊರೆದು ನೀರಿನ ಮಟ್ಟ ತೂಬಿಗಿಂತ ಕೆಳಗಿಳಿದರೆ ನಾಲೆಗೆ ಹನಿಯೂ ಏರದು. ಮೇ-ಜೂನ್‌ನಲ್ಲಿ ಹಿಮ ಕರಗಿ ಹೊಳೆ ತುಂಬುವುದರಿಂದ ಪಾತ್ರದೊಳಗಿನ ಕೆಲಸವನ್ನೆಲ್ಲ ಚಳಿಗಾಲದ ಕಡಿಮೆ ಹರಿವಿನಲ್ಲೇ ಮುಗಿಸಬೇಕು. ಆದರೆ ಅಣೆಯನ್ನು ಅಡಿಯಷ್ಟು ಎತ್ತರಿಸಿದರೂ ಮುಂದಿನ ನೆರೆಯಲ್ಲಿ ಮೇಲ್ಭಾಗದ ನೀರಿನ ಮಟ್ಟ ಏರುತ್ತದೆ, ಹಾಗಾಗಿ ನಗರವನ್ನು ಕೇಳದೆ ಕಂಪನಿಯೂ ಕಂಪನಿಯನ್ನು ಕೇಳದೆ ನಗರವೂ ಕಲ್ಲು ಇಡುವಂತಿರಲಿಲ್ಲ. ಕೇಂದ್ರದ ವಿಪತ್ತು ನೆರವು ಸ್ಥಳೀಯ ಸಂಸ್ಥೆಗಳಿಗೆ ಒದಗುವಷ್ಟು ಸುಲಭವಾಗಿ ನಾಲೆ ಕಂಪನಿಗಳಿಗೆ ಒದಗುವುದಿಲ್ಲ ಎಂಬ ವ್ಯಾವಹಾರಿಕ ಕಾರಣವೂ ಇದೆ.

ಆದರೂ ತಮ್ಮ ಅನುಮಾನಕ್ಕೆ ಒಂದು ಕಡೆ ಗಟ್ಟಿ ಆಧಾರವಿದೆ ಎಂದು ನಾವು ಒಪ್ಪುತ್ತೇವೆ. ನಗರದ ಷೇರು ಹೆಚ್ಚಿದಂತೆ ಕಂಪನಿಯ ಸಭೆಯಲ್ಲಿ ಅದರ ಮತವೂ ಹೆಚ್ಚುತ್ತದೆ. ಅದೇ ರಾಜ್ಯದ ಕ್ರೌಲಿ ಕೌಂಟಿಯಲ್ಲಿ 1970 ಮತ್ತು 80ರ ದಶಕಗಳಲ್ಲಿ ದೂರದ ನಗರಗಳು ನಾಲೆಯ ಷೇರುಗಳನ್ನು ಕೊಂಡವು. ಒಂದು ಕಾಲಕ್ಕೆ 50,000 ಎಕರೆಗೂ ಮೀರಿದ್ದ ನೀರಾವರಿ ಜಮೀನಿನಲ್ಲಿ ಈಗ ಉಳಿದಿರುವುದು ಅಲ್ಪ ಭಾಗ ಮಾತ್ರ. ಅಲ್ಲಿ ರೈತರು ಇಷ್ಟಪಟ್ಟೇ ಮಾರಿದರು, ಬೆಲೆಯೂ ಸಿಕ್ಕಿತು. ಆದರೆ ಮಾರದೆ ಉಳಿದವರ ಪಾಲಿಗೆ ಊರೇ ಒಣಗಿತು.

ಆದ್ದರಿಂದ ದುರಸ್ತಿಯ ಬಿಲ್ಲಿಗಿಂತ ನಗರದ ಬಳಿ ಎಷ್ಟು ಷೇರುಗಳಿವೆ, ಹೆಚ್ಚುವರಿ ನೀರನ್ನು ರೈತರಿಗೆ ಯಾವ ಕರಾರಿನ ಮೇಲೆ ಮರಳಿ ಕೊಡುತ್ತಿದೆ ಎಂಬುದನ್ನು ವಿಚಾರಿಸುವುದು ಹೆಚ್ಚು ಉಪಯುಕ್ತ ಎಂದು ನಮ್ಮ ಅಭಿಪ್ರಾಯ. ಆ ಭಾಗದ ನಗರಗಳು ತಮಗೆ ಬೇಡದ ನೀರನ್ನು ಸಾಮಾನ್ಯವಾಗಿ ಒಂದೊಂದೇ ವರ್ಷದ ಮಟ್ಟಿಗೆ ಬಾಡಿಗೆಗೆ ಬಿಡುತ್ತವೆ. ಬರದ ವರ್ಷ ನಗರ ಅದನ್ನು ತಡೆದುಕೊಂಡರೆ, ಅಣೆ ಎಷ್ಟೇ ಗಟ್ಟಿಯಾಗಿದ್ದರೂ ರೈತನ ಕಾಲುವೆಗೆ ಬರುವುದು ಅವನ ಸ್ವಂತ ಷೇರುಗಳ ನೀರು ಮಾತ್ರ.

— ಸಂಪಾದಕ