ಕೇಬಲ್ ಹಾಕುವವರು ಮನೆಯ ಪೈಪು ಒಡೆದರೆ ಮೊದಲು ರಿಪೇರಿಯೋ, ಮೊದಲು ಪರಿಹಾರವೋ?

ರಿಪೇರಿ ಮಾಡಿಸಿ ಬಿಲ್ಲು ಕಳುಹಿಸಲೇ, ಪರಿಹಾರದ ಹಣ ಬರುವವರೆಗೆ ಕಾಯಲೇ ಎಂದು ಕೇಳಿದ್ದೀರಿ. ನಾನು ರಿಪೇರಿ ಮಾಡಿಸಿ ಬಿಲ್ಲು ಕಳುಹಿಸಿದವನು. ನನಗೆ ಬಂದದ್ದು ಎರಡು ಸಾಲಿನ ವಿಷಾದ ಪತ್ರ ಮಾತ್ರ.

ನಮ್ಮಲ್ಲಿಗೆ ಬಂದವರು ರಸ್ತೆಯುದ್ದಕ್ಕೂ ಅಗೆಯಲಿಲ್ಲ. ಎರಡು ತುದಿಗಳಲ್ಲಿ ಗುಂಡಿ ತೋಡಿ, ನಡುವಿನ ನೆಲವನ್ನು ಯಂತ್ರದಿಂದ ಅಡ್ಡಲಾಗಿ ಕೊರೆದು, ಕೇಬಲ್ ಎಳೆದುಕೊಂಡು ಹೊರಟುಹೋದರು. ಅಂಗಳದ ಒಂದು ಕಲ್ಲೂ ಅಲುಗಿರಲಿಲ್ಲ. ಮೂರು ತಿಂಗಳಾದ ಮೇಲೆ ಬಚ್ಚಲಿನ ನೀರು ಹಿಂದಕ್ಕೆ ಉಕ್ಕತೊಡಗಿತು. ಹೀಗೆ ಕೊರೆಯುವಾಗ ಯಂತ್ರದ ಮೊನೆ ಒಳಚರಂಡಿ ಪೈಪನ್ನು ತೂರಿಕೊಂಡು ಹೋಗುವುದುಂಟು. ಒಳಗೆ ಅಡ್ಡ ಬಿದ್ದ ಕೇಬಲ್ಲಿಗೆ ಕಸ ಸಿಕ್ಕಿಕೊಳ್ಳುತ್ತ ಹೋಗಿ, ನಿಧಾನವಾಗಿ ಪೈಪು ಕಟ್ಟಿಕೊಳ್ಳುತ್ತದೆ. (ಅಡ್ಡ ಬಿದ್ದದ್ದು ಗ್ಯಾಸ್ ಪೈಪಾಗಿದ್ದರೆ, ಕಟ್ಟಿದ್ದನ್ನು ಬಿಡಿಸುವ ಯಂತ್ರವೇ ಅದನ್ನು ಕತ್ತರಿಸಿ ಅನಾಹುತವಾಗಬಹುದು; ಆದ್ದರಿಂದ ಮೊದಲು ಕ್ಯಾಮೆರಾ ಇಳಿಸಿ ನೋಡಿಸಿ.)

ಪ್ಲಂಬರ್ ಅಗೆದು ತೋರಿಸಿದಾಗ ಪೈಪಿನ ಎರಡು ಪಕ್ಕಗಳಲ್ಲಿ ಎದುರುಬದುರಾಗಿ ದುಂಡನೆಯ ತೂತುಗಳಿದ್ದವು, ನಡುವೆ ಕಪ್ಪು ಕೇಬಲ್ ಹಾದುಹೋಗಿತ್ತು. ಮರದ ಬೇರು ಕೀಲಿನಲ್ಲಿಯೋ ಬಿರುಕಿನಲ್ಲಿಯೋ ನುಸುಳುತ್ತದೆಯೇ ಹೊರತು ಹೀಗೆ ಅಳತೆ ಹಿಡಿದಂತೆ ದುಂಡಗೆ ಕೊರೆಯುವುದಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಮನೆಯಲ್ಲಿ ವಾಸನೆ ತಡೆಯಲಾಗುತ್ತಿರಲಿಲ್ಲ. ಬೇಗ ಮುಗಿಸಪ್ಪ ಎಂದೆ. ಅವನು ಪೈಪಿನ ಆ ಭಾಗವನ್ನು ಗರಗಸದಿಂದ ಎರಡು ಹೋಳು ಮಾಡಿ ಬಿಡಿಸಿ, ಕೇಬಲ್ಲನ್ನು ಕೆಳಕ್ಕೆ ಒತ್ತಿ, ಮೇಲೆ ಹೊಸ ಪೈಪು ಕೂರಿಸಿದ. ಹೋಳುಗಳನ್ನು ಏನು ಮಾಡಲಿ ಎಂದು ಅವನು ಕೇಳಿಯೂ ಕೇಳಿದ. ಮಣ್ಣಿನ ಜೊತೆಗೇ ಸಾಗಿಸು ಎಂದವನು ನಾನೇ. ನಾನು ತೆಗೆದುಕೊಂಡ ಒಂದೇ ಒಂದು ಚಿತ್ರವೂ ಹೊಸ ಪೈಪಿನದು, ಕೆಲಸ ಅಚ್ಚುಕಟ್ಟಾಗಿದೆ ಎಂಬ ಸಂತೋಷಕ್ಕೆ ತೆಗೆದದ್ದು. ಕೇಬಲ್ಲಿನವರ ಕಡೆಯಿಂದ ಪರಿಶೀಲನೆಗೆ ಬಂದವರು ಮತ್ತೆ ಅಗೆಸಿ ನೋಡಿ, ಕೇಬಲ್ ಪೈಪಿನ ಕೆಳಗಿದೆ, ಒಳಗಿಲ್ಲ; ಹಳೆಯ ಪೈಪು ಬೇರಿನಿಂದ ಒಡೆದಿರಬೇಕು ಎಂದು ಬರೆದುಕೊಂಡು ಹೋದರು. ನನ್ನ ರಿಪೇರಿಯೇ ಅವರ ಪುರಾವೆಯಾಯಿತು.

ಹೀಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲವೆನ್ನುತ್ತೇನೆ. ಕೊಳಚೆ ಉಕ್ಕುತ್ತಿರುವಾಗ ಹಣಕ್ಕಾಗಿ ಕಾಯುತ್ತ ಕುಳಿತರೆ, ನಷ್ಟ ಹೆಚ್ಚಲು ನೀವೇ ಬಿಟ್ಟಿರೆಂದು ಕೇಬಲ್ಲಿನವರು ವಾದಿಸುತ್ತಾರೆ. ಆದ್ದರಿಂದ ರಿಪೇರಿ ಮಾಡಿಸಿ. ಆದರೆ ಮುಚ್ಚುವ ಮೊದಲು ತೆರೆದ ಗುಂಡಿಯ ಚಿತ್ರಗಳನ್ನು ಅಳತೆಪಟ್ಟಿ ಇಟ್ಟು ತೆಗೆಯಿರಿ, ಪ್ಲಂಬರನಿಂದ ತಾನು ಕಂಡದ್ದನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ, ಇಂಥ ದಿನ ಇಷ್ಟು ಹೊತ್ತಿಗೆ ಮುಚ್ಚುತ್ತೇವೆ, ಅಷ್ಟರೊಳಗೆ ಬಂದು ನೋಡಿ ಎಂದು ಅವರಿಗೆ ಲಿಖಿತವಾಗಿ ತಿಳಿಸಿ. ಫೋನಿನಲ್ಲಿ ಹೇಳಿದ್ದು ಹೇಳಿದಂತಲ್ಲ. ಪತ್ರವನ್ನು ಗುತ್ತಿಗೆದಾರನಿಗೂ ಕೆಲಸ ಒಪ್ಪಿಸಿದ ಸಂಸ್ಥೆಗೂ ಒಟ್ಟಿಗೆ ಕಳುಹಿಸಿ, ಇಲ್ಲವಾದರೆ ಒಬ್ಬರು ಇನ್ನೊಬ್ಬರ ಕಡೆಗೆ ಕೈ ತೋರಿಸುತ್ತಾರೆ. ಮನೆಗೆ ವಿಮೆಯಿದ್ದರೆ ಕೇಬಲ್ಲಿನವರೊಂದಿಗೆ ಯಾವ ಒಪ್ಪಂದಕ್ಕೂ ಸಹಿ ಹಾಕುವ ಮೊದಲು ವಿಮಾ ಕಂಪನಿಗೆ ತಿಳಿಸಿ.

ಒಡೆದ ಹೋಳು ಇನ್ನೂ ನಿಮ್ಮ ಅಂಗಳದಲ್ಲೇ ಬಿದ್ದಿದ್ದರೆ, ತೊಳೆಯದೆ ಹಾಗೆಯೇ ಚೀಲದಲ್ಲಿ ಕಟ್ಟಿ, ತಾರೀಖು ಬರೆದು ಇವತ್ತೇ ಒಳಗಿಡಿ.