ಬಾಣ ಎಳೆಯಲು ಆಧಾರ ಬೇಕು

ಮಾನ್ಯರೇ,

ಗ್ಲೂಕೋಸನ್ನು ಆಮ್ಲ ಬೆರೆಸಿದ ನೀರಿನಲ್ಲಿ ಕಾಯಿಸಿದಾಗ ದೊರೆಯುವ ಉತ್ಪನ್ನಗಳಿಂದ ಒಳಗೆ ನಡೆದ ಕ್ರಿಯೆಗಳ ಜಾಲವನ್ನು ಪತ್ತೆಹಚ್ಚುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ನಿಮ್ಮ ಭಾಷೆ ಚೆನ್ನಾಗಿದೆ. ತೊಡಕಿರುವುದು ಎರಡನೆಯ ಚಿತ್ರದಲ್ಲಿ.

ಎರಡು ಗಂಟೆ ಕಾಯಿಸಿದ ಮೇಲೆ ತೆಗೆದ ಒಂದೇ ಮಾದರಿಯ ಕೋಷ್ಟಕವನ್ನು ಕೊಟ್ಟು, ಅದರ ಕೆಳಗೇ ಗ್ಲೂಕೋಸಿನಿಂದ ಫ್ರಕ್ಟೋಸ್, ಅದರಿಂದ ಎಚ್‌ಎಂಎಫ್ (ಹೈಡ್ರಾಕ್ಸಿಮೀಥೈಲ್ ಫರ್ಫ್ಯೂರಲ್ ಎಂಬ ನಡುವಿನ ಪದಾರ್ಥ), ಅದರಿಂದ ಲೆವುಲಿನಿಕ್ ಆಮ್ಲ ಮತ್ತು ಫಾರ್ಮಿಕ್ ಆಮ್ಲ ಎಂದು ಬಾಣಗಳನ್ನು ಎಳೆದಿದ್ದೀರಿ. ಈ ಜಾಲ ರಸಾಯನಶಾಸ್ತ್ರಜ್ಞರು ಒಪ್ಪಿರುವಂಥದ್ದೇ, ಆದರೆ ನಿಮ್ಮ ಕೋಷ್ಟಕದಿಂದ ಅದು ಹೊರಡುವುದಿಲ್ಲ. ಲೆವುಲಿನಿಕ್ ಆಮ್ಲ ಎಚ್‌ಎಂಎಫ್ ಒಡೆದು ಬಂದಿದ್ದರೂ ಗ್ಲೂಕೋಸಿನಿಂದ ನೇರವಾಗಿ ಬಂದಿದ್ದರೂ ಕೊನೆಯ ಮಾದರಿಯಲ್ಲಿ ಅದೇ ಅಂಕಿ ಕಾಣಬಹುದು.

ವ್ಯತ್ಯಾಸ ತಿಳಿಯುವುದು ಮೊದಲ ನಿಮಿಷಗಳಲ್ಲಿ. ಪ್ರತಿ ಉತ್ಪನ್ನದ ಪ್ರಮಾಣವನ್ನು ಅಷ್ಟು ಹೊತ್ತಿಗೆ ವ್ಯಯವಾದ ಗ್ಲೂಕೋಸಿನ ಪ್ರಮಾಣದಿಂದ ಭಾಗಿಸಿ, ಗ್ಲೂಕೋಸ್ ಎಷ್ಟು ಪಾಲು ವ್ಯಯವಾಗಿದೆ ಎಂಬುದರ ಎದುರು ಗುರುತಿಸಿ, ಆ ಗೆರೆಯನ್ನು ಸೊನ್ನೆಯ ಕಡೆಗೆ ಹಿಂದಕ್ಕೆ ಎಳೆದರೆ, ನೇರವಾಗಿ ಹುಟ್ಟಿದ ಪದಾರ್ಥದ ಗೆರೆ ಸೊನ್ನೆಗಿಂತ ಮೇಲೆ ನಿಲ್ಲುತ್ತದೆ. ನಡುವಿನ ಪದಾರ್ಥಕ್ಕಾಗಿ ಕಾಯಬೇಕಾದದ್ದರ ಗೆರೆ ಸೊನ್ನೆಗೇ ಇಳಿಯುತ್ತದೆ. ನಡುವಿನ ಪದಾರ್ಥ ಹುಟ್ಟಿದ ಕ್ಷಣದಲ್ಲೇ ಒಡೆಯುವಂಥದ್ದಾದರೆ ಈ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ ಎಂಬ ಎಚ್ಚರಿಕೆಯನ್ನು ಜೊತೆಗೇ ಬರೆಯಿರಿ.

ಸಸ್ಯಗಳು ಕಾರ್ಬನ್ ಡೈಆಕ್ಸೈಡಿನಿಂದ ಸಕ್ಕರೆ ಕಟ್ಟುವ ದಾರಿಯನ್ನು ಪತ್ತೆಹಚ್ಚಿದ ರಸಾಯನಶಾಸ್ತ್ರಜ್ಞ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಬಂದದ್ದನ್ನು ಬರೆದು, ಅವರು ಮಾಡಿದ್ದನ್ನು ಬಿಟ್ಟಿದ್ದೀರಿ. ಬರ್ಕ್ಲಿಯಲ್ಲಿ ಅವರ ತಂಡ ಪಾಚಿಗೆ ವಿಕಿರಣಶೀಲ ಕಾರ್ಬನ್ ಡೈಆಕ್ಸೈಡನ್ನು ಕೆಲವೇ ಸೆಕೆಂಡು ಉಣಿಸಿ, ಕ್ರಿಯೆಯನ್ನು ಅಲ್ಲೇ ನಿಲ್ಲಿಸಲು ಕುದಿಯುವ ಆಲ್ಕೊಹಾಲಿಗೆ ಸುರಿಯಿತು. ಸಮಯ ಕಡಿಮೆಯಾದಷ್ಟೂ ವಿಕಿರಣದ ಹೆಚ್ಚಿನ ಪಾಲು ಫಾಸ್ಫೊಗ್ಲಿಸರಿಕ್ ಆಮ್ಲದಲ್ಲಿ ಸಿಕ್ಕಿತು. ಮೊದಲ ಉತ್ಪನ್ನ ಯಾವುದೆಂದು ತಿಳಿದದ್ದು ಹಾಗೆ. ನಿಮ್ಮ ಲೇಖನಕ್ಕೆ ಬೇಕಾದ ಉದಾಹರಣೆ ಇದೇ.

ಇನ್ನು, ಪಾತ್ರೆಯ ತಳದಲ್ಲಿ ಕಂದು ಗಸಿ ನಿಂತಿತ್ತೆಂದು ಒಂದು ಸಾಲಿನಲ್ಲಿ ಹೇಳಿ ಅದನ್ನು ಜಾಲದಿಂದಲೇ ಕೈಬಿಟ್ಟಿದ್ದೀರಿ. ಅದು ಹ್ಯೂಮಿನ್, ಅಂದರೆ ಈ ಪದಾರ್ಥಗಳೇ ಒಂದಕ್ಕೊಂದು ಕೂಡಿ ಆಗುವ ಕರಗದ ಘನ; ಗ್ಲೂಕೋಸಿನಲ್ಲಿದ್ದ ಕಾರ್ಬನ್ನೆಲ್ಲ ಉತ್ಪನ್ನಗಳಲ್ಲಿ ಸಿಗದೆ ನಿಮ್ಮ ಲೆಕ್ಕ ಹೊಂದದಿರುವುದಕ್ಕೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಮತ್ತೊಂದು ಅಂಕಿಯಂತೂ ನನ್ನನ್ನು ಹಿಡಿದು ನಿಲ್ಲಿಸಿತು: ಎಚ್‌ಎಂಎಫ್‌ನ ಒಂದು ಅಣು ಒಡೆದರೆ ಲೆವುಲಿನಿಕ್ ಒಂದು, ಫಾರ್ಮಿಕ್ ಒಂದು ಹುಟ್ಟಬೇಕು, ಆದರೆ ನಿಮ್ಮಲ್ಲಿ ಫಾರ್ಮಿಕ್ ಹೆಚ್ಚಿದೆ. ಫಾರ್ಮಿಕ್ ಆಮ್ಲಕ್ಕೆ ಬೇರೊಂದು ದಾರಿಯಿದೆ, ಇಲ್ಲವೇ ಲೆವುಲಿನಿಕ್ ಎಲ್ಲೋ ಕಳೆದುಹೋಗುತ್ತಿದೆ. ಇಡೀ ಲೇಖನದಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಅಂಕಿ, ನೀವು ಅದನ್ನು ದಾಟಿಹೋಗಿದ್ದೀರಿ.

ಎರಡು, ಐದು, ಹತ್ತು, ಇಪ್ಪತ್ತು ನಿಮಿಷಗಳ ಮಾದರಿಗಳನ್ನು ತೆಗೆಯಿರಿ; ಎಚ್‌ಎಂಎಫ್ ಒಂದನ್ನೇ ಅದೇ ಆಮ್ಲದಲ್ಲಿ ಕಾಯಿಸಿ ಏನು ಬರುತ್ತದೆಂದು ನೋಡಿ. ಆ ಅಂಕಿಗಳೊಂದಿಗೆ ಲೇಖನವನ್ನು ಮತ್ತೆ ನನಗೇ ಕಳಿಸಿ.

ಸಂಪಾದಕ